ಉದ್ದಕ್ಕೆ ಕಂಡ ನದಿ

ಸೌದಿಯ ರಾಬಿಗ್‌ನ ಕಂಪನಿ ಕ್ವಾರ್ಟರ್ಸಿನಲ್ಲಿ, ಹಾರಿಸ್‌ನ ಅಡುಗೆಮನೆಯ ಗೋಡೆಗೆ ಯುರೋಪಿನ ನಕ್ಷೆಯೊಂದನ್ನು ಅಂಟಿಸಿ ಎರಡು ವರ್ಷವಾಗಿತ್ತು. ಅದರ ಮೇಲೆ ಹಾರಿಸ್ ನೀಲಿ ಪೆನ್ನಿನಲ್ಲಿ ಎಳೆದ ಗೆರೆ ಜರ್ಮನಿಯ ಮೈನ್ ನದಿಯ ದಂಡೆಯಲ್ಲಿ ಶುರುವಾಗಿ, ಕಾಲುವೆಯೊಂದರ ಬದಿಯಲ್ಲಿ ಗುಡ್ಡ ಹತ್ತಿ ಇಳಿದು, ಡಾನ್ಯೂಬ್ ನದಿಯನ್ನು ಸೇರಿ, ಆಸ್ಟ್ರಿಯಾ, ಹಂಗೇರಿ ದಾಟಿ ಸಮುದ್ರದ ತನಕ ಹೋಗುತ್ತಿತ್ತು. ಒಲೆಯ ಹತ್ತಿರವೇ ಇದ್ದದ್ದರಿಂದ ಎಣ್ಣೆ ಸಿಡಿದು ವಿಯೆನ್ನಾ ನಗರದ ಮೇಲೆ ಹಳದಿ ಕಲೆ ಬಿದ್ದಿತ್ತು. "ನಿಮ್ಮ ವಿಯೆನ್ನಾಕ್ಕೆ ಬಂಗುಡೆ ವಾಸನೆ ಹಿಡಿದಿದೆ, ಇನ್ನಾದರೂ ಹೊರಡಿ" ಎಂದು ಹೆಂಡತಿ ಶಮೀರಾ ಹಾಸ್ಯ ಮಾಡುತ್ತಿದ್ದಳು.

ಹೊರಡುವುದು ಒಬ್ಬನೇ, ಸೈಕಲಿನಲ್ಲಿ. ದಾರಿಯ ಊರುಗಳ ಹೆಸರು ಹಾರಿಸ್‌ಗೆ ಬಾಯಿಪಾಠವಾಗಿತ್ತು. ಆ ಕಾಲುವೆಯಲ್ಲಿ ಸರಕಿನ ದೋಣಿಗಳು ಗುಡ್ಡ ಹತ್ತುತ್ತವೆ ಎನ್ನುವುದನ್ನು ಅವನು ಮೊದಲು ನಂಬಿರಲಿಲ್ಲ. ಹಿಂದೆ ಮುಂದೆ ಬಾಗಿಲು ಮುಚ್ಚಿ, ನಡುವೆ ನೀರು ತುಂಬಿಸಿ, ದೋಣಿಯನ್ನು ಒಂದೊಂದೇ ಮೆಟ್ಟಿಲು ಎತ್ತುವ ವೀಡಿಯೊವನ್ನು ಮತ್ತೆ ಮತ್ತೆ ನೋಡಿದ ಮೇಲೆ ನಂಬಿದ. ತಂದೆ ಇದ್ದಿದ್ದರೆ ತೋರಿಸಬಹುದಿತ್ತು ಅನ್ನಿಸಿತ್ತು.

ತಂದೆ ಇದಿನಬ್ಬ ಪಾಣೆಮಂಗಳೂರಿನ ಹತ್ತಿರ ನೇತ್ರಾವತಿಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು. ಶಾಲೆಯ ಮಕ್ಕಳು, ಬೀಡಿ ಕಟ್ಟುವ ಹೆಂಗಸರು, ಮದುವೆಯ ದಿಬ್ಬಣ, ಒಮ್ಮೊಮ್ಮೆ ಹೆಣ, ಎಲ್ಲವನ್ನೂ ಈ ದಡದಿಂದ ಆ ದಡಕ್ಕೆ ಮುಟ್ಟಿಸುವುದರಲ್ಲೇ ಅವರ ಆಯುಷ್ಯ ಕಳೆಯಿತು. ಆ ನದಿ ಎಲ್ಲಿ ಹುಟ್ಟುತ್ತದೆ ಎಂದು ಅವರು ನೋಡಿದವರಲ್ಲ. ಅಷ್ಟೇನೂ ದೂರವಿಲ್ಲದ ಉಳ್ಳಾಲದ ಅಳಿವೆಯಲ್ಲಿ ಅದು ಸಮುದ್ರ ಸೇರುವುದನ್ನೂ ನೋಡಿರಲಿಲ್ಲ. "ನಾನು ಹೊಳೆಯನ್ನು ಅಗಲಕ್ಕೆ ಕಂಡವ. ಉದ್ದಕ್ಕೆ ನೋಡ್ಲಿಕ್ಕೆ ಪುರುಸೊತ್ತಾಗಲಿಲ್ಲ" ಎಂದು ಕೊನೆಗಾಲದಲ್ಲಿ ಒಮ್ಮೆ ಹೇಳಿದ್ದರು. ದುಃಖದಿಂದ ಹೇಳಿದ್ದಲ್ಲ, ಅಂಗಡಿಗೆ ಹೋಗಿ ಉಪ್ಪು ತರಲು ಮರೆತವರ ಹಾಗೆ ಹೇಳಿದ್ದರು. ಆದರೆ ಮಾತು ಮಗನಲ್ಲಿ ಉಳಿಯಿತು. ಯಾವುದಾದರೂ ಒಂದು ನದಿಯನ್ನು ಒಂದೇ ಸಲಕ್ಕೆ, ತುದಿ ಮುಟ್ಟುವ ತನಕ ಉದ್ದಕ್ಕೆ ನೋಡಬೇಕು. ಹಾರಿಸ್‌ಗೆ ಬೇಕಾಗಿದ್ದದ್ದು ಇಷ್ಟೇ.

ಅದಕ್ಕಾಗಿ ಅವನು ಐದು ವಾರ ರಜೆ ಕೂಡಿಹಾಕಿದ್ದ. ಅಷ್ಟರಲ್ಲಿ ಕಂಪನಿಯವರು ಶಟ್‌ಡೌನಿನ ದಿನವನ್ನು ಮೊದಲೇ ಇಟ್ಟರು. ಇಡೀ ಘಟಕವನ್ನು ನಿಲ್ಲಿಸಿ ಒಳಗನ್ನೆಲ್ಲ ಬಿಚ್ಚಿ ರಿಪೇರಿ ಮಾಡುವ ಆ ಕೆಲಸದ ಹೊತ್ತಿಗೆ ಉಪಕರಣ ವಿಭಾಗದ ಹಾರಿಸ್‌ನಂಥವರು ಇಲ್ಲದೆ ಆಗುವುದಿಲ್ಲ. ಐದು ವಾರ ಹೋಗಿ ಹತ್ತು ದಿನ ಉಳಿಯಿತು.

ಅಂದು ಕ್ಯಾಂಟೀನಿನಲ್ಲಿ ಅವನ ಎದುರಿಗೆ ಯೋಗೀಶ್ ಕೂತಿದ್ದ. ಉಪ್ಪಿನಂಗಡಿಯವನು, ಅದೇ ವಿಭಾಗದವನು, ಹದಿನಾಲ್ಕು ವರ್ಷದ ಗೆಳೆಯ.

"ಸುಮ್ನೆ ಎಂತಕ್ಕೆ ಮುಖ ಬಾಡಿಸ್ತಿ ಮಾರಾಯ? ಹತ್ತು ದಿನ ಉಂಟಲ್ಲ. ಸೌದಿಯದ್ದೇ ಒಂದು ನದಿ ಹಿಡಿ, ಮುಗಿಸಿ ಬಾ."

"ಸೌದಿಯಲ್ಲಿ ನದಿ ಎಲ್ಲುಂಟು?"

"ಇಲ್ಲ. ಅದಕ್ಕೇ ಬೇಗ ಮುಗೀತದೆ."

ಸುತ್ತಲಿನವರು ನಕ್ಕರು. ಹಾರಿಸ್ ಕೂಡ ನಕ್ಕ. ಆದರೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ತೆರೆದ. ಮದೀನಾದ ಪೂರ್ವಕ್ಕೆ, ಕಪ್ಪು ಲಾವಾ ಕಲ್ಲಿನ ಹರವಿನ ಅಂಚಿನಿಂದ ಒಂದು ಬಿಳಿಚು ಗೆರೆ ಹೊರಟಿತ್ತು. ಎಡಬಲದಿಂದ ನೂರಾರು ಸಣ್ಣ ಗೆರೆಗಳನ್ನು ಕೂಡಿಸಿಕೊಳ್ಳುತ್ತ, ಅರ್‌ರಸ್ ಮತ್ತು ಉನೈಜಾ ಊರುಗಳ ಪಕ್ಕದಿಂದ ಹಾದು, ಅದು ಪೂರ್ವದ ಮರಳುಗುಡ್ಡಗಳಲ್ಲಿ ಕಾಣದಾಗುತ್ತಿತ್ತು. ಅದು ವಾದಿ ಅಲ್ ರುಮ್ಮಾ. ವಾದಿ ಎಂದರೆ ಒಣಹೊಳೆ. ಅರಬ್ಬೀ ನಾಡಿನ ಉದ್ದನೆಯ ವಾದಿಗಳಲ್ಲಿ ಒಂದು, ಸುಮಾರು ಆರುನೂರು ಕಿಲೋಮೀಟರು. ಸಾವಿರಾರು ವರ್ಷಗಳ ಹಿಂದೆ ಅದು ನಿಜವಾದ ನದಿಯಾಗಿತ್ತೆಂದೂ, ಮರಳುಗುಡ್ಡಗಳು ಅಡ್ಡ ಬರುವ ಮೊದಲು ಕೊಲ್ಲಿಯ ತನಕ ಹರಿಯುತ್ತಿತ್ತೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ.

ಮರುದಿನ ಬೆಳಿಗ್ಗೆ ಅವನು ಯೋಗೀಶನ ಮೇಜಿನ ಹತ್ತಿರ ಹೋಗಿ, "ನದಿ ಉಂಟು" ಎಂದ.

"ನೀರು?"

"ನೀರಿಲ್ಲ."

"ಮಂಡೆ ಸಮ ಉಂಟಾ ನಿಂದು?"

ಆದರೂ ಅವನನ್ನು ಹೊರಡುವ ಜಾಗಕ್ಕೆ ಬಿಟ್ಟುಬಂದದ್ದು ಯೋಗೀಶನೇ. ಮದೀನಾದ ಹೊರಗಿನ ವರ್ತುಲ ರಸ್ತೆಯಲ್ಲಿ ಸುತ್ತುಹಾಕಿ, ಹನಾಕಿಯಾ ಊರು ದಾಟಿಸಿ, ಸೈಕಲ್ ಇಳಿಸಿಕೊಟ್ಟ. "ಕೇಳು. ಆ ಮರಳುಗುಡ್ಡದ ತನಕ ಸೈಕಲಲ್ಲೇ ಹೋದ್ರೆ ಜಿದ್ದಾದಲ್ಲಿ ನೀರುದೋಸೆ, ಕೋಳಿಸುಕ್ಕ ನನ್ನ ಲೆಕ್ಕ. ಮಧ್ಯ ಒಂದು ಗಾಡಿ ಹತ್ತಿದ್ರೂ ನಿನ್ನ ಲೆಕ್ಕ. ಶುಕ್ರವಾರ ಉನೈಜಾ ಹತ್ತಿರ ಬಂದು ಕರ್ಕೊಂಡು ಹೋಗ್ತೇನೆ. ಶನಿವಾರದಿಂದ ಶಟ್‌ಡೌನ್, ನೆನಪಿರ್ಲಿ."

ಶಮೀರಾಳ ಷರತ್ತು ಬೇರೆಯೇ ಇತ್ತು. ದಿನಾ ಸಂಜೆ ಮಗ್ರಿಬ್ ನಮಾಝಿನ ಹೊತ್ತಿಗೆ ಫೋನು ಬರಬೇಕು. ಬಾರದಿದ್ದರೆ ಪೊಲೀಸರಿಗೆ ಹೋಗುವುದು ಅವಳು.

ಮೊದಲ ದಿನಗಳಲ್ಲಿ ಹಾರಿಸ್‌ಗೆ ತಾನು ಕನ್ನಡಿಯ ಹಿಂಬದಿಯಲ್ಲಿ ಪ್ರಯಾಣ ಮಾಡುತ್ತಿದ್ದೇನೆ ಅನ್ನಿಸಿತು. ಯುರೋಪಿನ ದಾರಿಯಲ್ಲಿ ಏನೇನು ಇರುತ್ತದೆಂದು ಓದಿದ್ದನೋ ಅದೆಲ್ಲ ಇಲ್ಲಿ ತಲೆಕೆಳಗಾಗಿತ್ತು. ಅಲ್ಲಿ ಸೈಕಲಿಗೇ ಮಾಡಿದ ಡಾಂಬರು ದಾರಿ, ಕವಲು ಬಂದಲ್ಲೆಲ್ಲ ಬಾಣದ ಗುರುತು, ಹಸಿವಾಗುವ ಮೊದಲೇ ಎದುರಾಗುವ ಬೇಕರಿ. ಇಲ್ಲಿ ಪಿಕಪ್ಪುಗಳ ಚಕ್ರದ ಗುರುತೇ ದಾರಿ. ಜಾಲಿಯ ಮುಳ್ಳು ದಪ್ಪ ಟೈರನ್ನೂ ಬಿಡುತ್ತಿರಲಿಲ್ಲ. ಪಂಕ್ಚರ್ ಹಾಕಲು ಕೂತರೆ ಸುತ್ತ ಒಂದು ಸದ್ದಿಲ್ಲ. ಹೆದ್ದಾರಿ ಹತ್ತಿರ ಬಂದಾಗ ಮುಲ್ತಾನಿನ ಲಾರಿ ಚಾಲಕನೊಬ್ಬ ನಿಲ್ಲಿಸಿ, ಕ್ಯಾನು ತುಂಬ ನೀರು ಕೊಟ್ಟು, "ಭಾಯಿ, ನಿನ್ನ ಕಫೀಲ್ ನಿನ್ನನ್ನು ಓಡಿಸಿಬಿಟ್ಟನಾ?" ಎಂದು, ವೀಸಾ ಕೊಟ್ಟ ಯಜಮಾನನ ಬಗ್ಗೆ ಅನುಕಂಪದಿಂದ ವಿಚಾರಿಸಿದ. ತಪಾಸಣೆಯ ಠಾಣೆಯಲ್ಲಿ ಪೊಲೀಸನೊಬ್ಬ ವಾಸದ ಪರವಾನಗಿಯಾದ ಇಕಾಮಾ ನೋಡಿ, ಸೈಕಲ್ ನೋಡಿ, ಮತ್ತೆ ಇಕಾಮಾ ನೋಡಿ, ಒಂದು ಡಬ್ಬಿ ಖರ್ಜೂರ ಕೈಗಿಟ್ಟು ಕಳಿಸಿದ.

ಆದರೆ ಒಣಗಿದ್ದರೂ ಅದು ನದಿಯೇ ಆಗಿತ್ತು, ಅದನ್ನು ಹಾರಿಸ್ ದಿನ ಕಳೆದಂತೆ ಕಂಡ. ಹರಿವಿನ ತಿರುವಿನಲ್ಲಿ ಹೊರದಡ ಕಡಿದಾಗಿ ಕೊರೆದಿತ್ತು, ಒಳದಡದಲ್ಲಿ ಮರಳು ಮೆತ್ತಗೆ ಮಲಗಿತ್ತು. ಪಾಣೆಮಂಗಳೂರಿನಲ್ಲಿಯೂ ಹಾಗೆಯೇ. ಕಲ್ಲುಗಳು ಉರುಳಿ ಉರುಳಿ ಮೊಟ್ಟೆಯಂತೆ ನುಣುಪಾಗಿದ್ದವು. ಒಂದು ಜಾಲಿಮರದ ಕೊಂಬೆಯಲ್ಲಿ, ಅವನ ತಲೆಗಿಂತ ಎತ್ತರದಲ್ಲಿ, ಒಣಹುಲ್ಲು ಮತ್ತು ಹರಿದ ಗೋಣಿಚೀಲ ಸಿಕ್ಕಿಕೊಂಡಿತ್ತು. ಗಾಳಿ ತಂದದ್ದಿರಬೇಕು ಎಂದುಕೊಂಡು ಮುಂದೆ ಹೋದವನು ನಿಂತು ಹಿಂತಿರುಗಿ ನೋಡಿದ. ಹುಲ್ಲೆಲ್ಲ ಒಂದೇ ದಿಕ್ಕಿಗೆ ಬಾಚಿದ ಹಾಗಿತ್ತು. ಗಾಳಿ ಹಾಗೆ ಬಾಚುವುದಿಲ್ಲ. ನೀರು ಅಲ್ಲಿಯ ತನಕ ಬಂದಿತ್ತು. ಯಾವ ವರ್ಷ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಅವನು ಮರದ ಕೆಳಗೆ ಕೈ ಎತ್ತಿ ನಿಂತು ಅಳತೆ ಮಾಡಿದ. ಬೆರಳು ಮುಟ್ಟಲಿಲ್ಲ.

ಮಳೆಯ ವಿಷಯದಲ್ಲಿ ಅವನು ಎಚ್ಚರ ತಪ್ಪಿದವನೇನಲ್ಲ. ಕಡವಿನ ಮನೆಯಲ್ಲಿ ಹುಟ್ಟಿದವನಿಗೆ ಹೊಳೆಯ ಭಯ ಕಲಿಸಬೇಕಾಗಿಲ್ಲ. ಮೂಡು ಕಪ್ಪಾದರೆ ದೋಣಿ ಕಟ್ಟು ಎನ್ನುವುದು ತಂದೆಯ ಕಟ್ಟಳೆ. ಮೂಡಣ ದಿಕ್ಕಿನಲ್ಲಿ ಘಟ್ಟ. ಘಟ್ಟದಲ್ಲಿ ಮಳೆ ಬಿದ್ದರೆ, ಊರಲ್ಲಿ ಬಿಸಿಲಿದ್ದರೂ ಬೊಳ್ಳ, ಅಂದರೆ ನೆರೆ, ಬರುತ್ತದೆ. ಎಪ್ಪತ್ತನಾಲ್ಕರ ಬೊಳ್ಳವನ್ನು ಕಂಡಿದ್ದ ತಂದೆ ಸಾಯುವ ತನಕ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಮೂಡಣವನ್ನೇ. ಈ ವಾದಿ ಹರಿಯುವುದು ಪಶ್ಚಿಮದಿಂದ ಪೂರ್ವಕ್ಕೆ. ಆದ್ದರಿಂದ ಇಲ್ಲಿ ಪಡುವಣ ನೋಡಬೇಕು. ಈ ತಿರುಗುಮುರುಗು ಲೆಕ್ಕ ತಾನಾಗಿಯೇ ಹೊಳೆದದ್ದಕ್ಕೆ ಹಾರಿಸ್‌ಗೆ ಸಣ್ಣ ಹೆಮ್ಮೆಯೂ ಇತ್ತು. ದಿನಾ ಬೆಳಿಗ್ಗೆ ಪಡುವಣ ನೋಡಿದ. ಒರೆಸಿಟ್ಟ ತಟ್ಟೆಯ ಹಾಗಿತ್ತು. ಭಾನುವಾರ ಸಂಜೆ ದಕ್ಷಿಣದ ದಿಗಂತದಲ್ಲಿ ಸದ್ದಿಲ್ಲದ ಮಿಂಚು ಮಿಂಚಿತ್ತು. ಫೋನಿಗೆ ಮಳೆಯ ಎಚ್ಚರಿಕೆಯೂ ಬಂದಿತ್ತು. ಅದರಲ್ಲಿದ್ದ ಊರುಗಳೆಲ್ಲ ಬಹು ದೂರದ ದಕ್ಷಿಣದವು. ತನ್ನ ನದಿಯ ಊರುಗಳಲ್ಲ ಎಂದು ಅವನು ಅದನ್ನು ಅಳಿಸಿದ.

ಮಂಗಳವಾರ ಮಧ್ಯಾಹ್ನ, ಅರ್‌ರಸ್ ಊರಿಗೆ ಇನ್ನೂ ದೂರವಿರುವಾಗ, ಅವನು ವಾದಿಯ ಪಾತ್ರದ ನಡುವೆಯೇ ಒಂದು ಜಾಲಿಯ ನೆರಳು ಹುಡುಕಿದ. ಗಂಜಿ ಬೇಯಿಸಿ, ಉಪ್ಪಿನಕಾಯಿ ಕಲಸಿ ಉಂಡು, ಚೀಲಕ್ಕೆ ತಲೆಯಿಟ್ಟು ಮಲಗಿದ.

ಅವನಿಗೆ ಎಚ್ಚರವಾದದ್ದು ಇರುವೆಗಳಿಂದ. ಅವು ಕೈಮೇಲೆ ಹತ್ತಿ, ಕಚ್ಚದೆ, ಆಚೆ ಇಳಿದು ಓಡುತ್ತಿದ್ದವು. ಕಪ್ಪು ಜೀರುಂಡೆಗಳು, ಹೆಸರು ಗೊತ್ತಿಲ್ಲದ ಹುಳಗಳು, ಒಂದು ಓತಿಕ್ಯಾತ, ಎಲ್ಲವೂ ದಡದ ಕಡೆಗೇ ಹೊರಟಿದ್ದವು. ಆಮೇಲೆ ಸದ್ದು ಕೇಳಿಸಿತು. ಗುಡುಗಲ್ಲ, ಭೋರ್ಗರೆತವೂ ಅಲ್ಲ. ಯಾರೋ ದೊಡ್ಡ ಅಂಗಳದಲ್ಲಿ ತರಗೆಲೆ ಗುಡಿಸುತ್ತಿರುವ ಸದ್ದು.

ಎದ್ದು ಕೂತ. ಕಂದು ಬಣ್ಣದ ಏನೋ ಒಂದು ಮರಳಿನ ಮೇಲೆ ನಡೆದುಬರುತ್ತಿತ್ತು. ಅದಕ್ಕೆ ನೊರೆಯ ಅಂಚು, ಅಂಚಿನ ಮುಂದೆ ಕಡ್ಡಿ, ಆಡಿನ ಹಿಕ್ಕೆ, ಪ್ಲಾಸ್ಟಿಕ್ ಬಾಟಲಿ. ಎತ್ತರ ಮೊಣಕಾಲಿನಷ್ಟೂ ಇರಲಿಲ್ಲ. ವೇಗ ನಡೆಯುವ ಮನುಷ್ಯನಷ್ಟೇ. ಅಗಲ ಮಾತ್ರ ಕಣ್ಣು ಹೋದಷ್ಟು ದೂರ. ಅವನು ಒಂದು ಕ್ಷಣ ಓಡಲೂ ಮರೆತ. ಆಮೇಲೆ ಸೈಕಲ್ ಎತ್ತಿ ಹೆಗಲಿಗೆ ಹಾಕಿಕೊಂಡು ದಡದತ್ತ ಓಡಿದ. ನೀರು ಹಿಮ್ಮಡಿ ಹಿಡಿಯಿತು, ಆಮೇಲೆ ಮೊಣಕಾಲು. ತಣ್ಣಗಿತ್ತು. ಮರಳು ಕಾಲಿನಡಿಯಿಂದ ಜಾರುತ್ತಿತ್ತು. ಅಡುಗೆಯ ಚೀಲ, ಸ್ಟವ್, ಬಲಗಾಲಿನ ಚಪ್ಪಲಿ ಹೋದವು. ದಡದ ಮಣ್ಣನ್ನು ಉಗುರಿನಿಂದ ಗೀರಿ ಹತ್ತಿ, ತಿರುಗಿ ನೋಡಿದರೆ ಅವನು ಮಲಗಿದ್ದ ಜಾಲಿಮರ ಸೊಂಟಮಟ್ಟ ನೀರಿನಲ್ಲಿ ನಿಂತಿತ್ತು.

ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಪಡುವಣ ಹಾಗೆಯೇ ಸ್ವಚ್ಛವಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಆ ಬಿಸಿಲಿನಲ್ಲಿ, ಒಂದು ಹನಿ ಮಳೆಯಿಲ್ಲದೆ, ನದಿಯೊಂದು ಅವನ ಎದುರು ಹುಟ್ಟುತ್ತಿತ್ತು. "ಸುಬ್‌ಹಾನಲ್ಲಾಹ್" ಎಂದ. ತನ್ನ ದನಿ ತನಗೇ ಕೇಳಿಸಲಿಲ್ಲ, ಏಕೆಂದರೆ ಈಗ ನಿಜಕ್ಕೂ ಭೋರ್ಗರೆಯುತ್ತಿತ್ತು.

ಸ್ವಲ್ಪ ಹೊತ್ತಿಗೆ ದಡದ ಮೇಲೆ ಧೂಳೆದ್ದಿತು. ಒಂದರ ಹಿಂದೆ ಒಂದು ಕಾರು, ಪಿಕಪ್ಪು, ಜೀಪು. ಹಾರ್ನ್ ಹೊಡೆಯುತ್ತ, ಕಿಟಕಿಯಿಂದ ಮಕ್ಕಳು ಕೈಬೀಸುತ್ತ ಬರುತ್ತಿದ್ದವು. ಇದೇನು ಮದುವೆ ದಿಬ್ಬಣವೋ ಎಂದುಕೊಂಡ ಹಾರಿಸ್. ಅವು ದಡದ ಉದ್ದಕ್ಕೂ ನಿಂತವು. ಚಾಪೆ ಹಾಸಿದರು. ಕಾಫಿಯ ಫ್ಲಾಸ್ಕುಗಳು, ಖರ್ಜೂರದ ತಟ್ಟೆಗಳು ಇಳಿದವು. ನೀರು ನೋಡಿ ಗಂಡಸರು ದೊಡ್ಡ ದನಿಯಲ್ಲಿ ದೇವರನ್ನು ಸ್ತುತಿಸಿದರು. ಹಳೆಯ ಪಿಕಪ್ಪಿನಿಂದ ಇಳಿದ ಒಬ್ಬ ಮುದುಕ ಊರುಗೋಲು ಊರಿಕೊಂಡು ಹಾರಿಸ್‌ನ ಹತ್ತಿರ ಬಂದ. ಒದ್ದೆ ಪ್ಯಾಂಟು, ಒಂದೇ ಚಪ್ಪಲಿ, ಸೈಕಲ್, ಎಲ್ಲವನ್ನೂ ನೋಡಿದ.

"ಅದರ ಹಾಸಿಗೆಯಲ್ಲಿ ಮಲಗಿದ್ದೆಯಾ?"

"ಹೌದು."

"ಯಜಮಾನ ಬಂದು ಎಬ್ಬಿಸಿದ." ಮುದುಕ ಕೆಮ್ಮು ಬರುವ ತನಕ ನಕ್ಕ. ಆಮೇಲೆ ತನ್ನ ಬಟ್ಟಲಿನಿಂದಲೇ ಕಾಫಿ ಕೊಟ್ಟ.

ಹಾರಿಸ್‌ಗೆ ಅರಬ್ಬಿ ಕೆಲಸದ ಮಟ್ಟಿಗೆ ಬರುತ್ತಿತ್ತು. ಪಡುವಣ ದಿಕ್ಕು ತೋರಿಸಿ, ಅಲ್ಲಿ ಮಳೆಯೇ ಇಲ್ಲವಲ್ಲ ಎಂದ. ಮುದುಕ ಊರುಗೋಲನ್ನು ದಕ್ಷಿಣಕ್ಕೆ ಎತ್ತಿದ. "ಅಲ್ಲಿಂದ. ಜರೀರ್ ಕಳಿಸಿದ್ದು. ನಮ್ಮ ಹಿರಿಯರ ಮಾತು ಒಂದಿದೆ. ರುಮ್ಮಾ ಹೇಳುತ್ತಾಳಂತೆ: ನನ್ನ ಮಕ್ಕಳೆಲ್ಲ ನನಗೆ ಗುಟುಕು ಗುಟುಕು ಕುಡಿಸುತ್ತಾರೆ, ದಾಹ ತಣಿಸುವವನು ಜರೀರ್ ಒಬ್ಬನೇ." ಜರೀರ್ ಎಂದರೆ ದಕ್ಷಿಣದಿಂದ ಬಂದು ಈ ವಾದಿಯನ್ನು ಕೂಡುವ ಇನ್ನೊಂದು ವಾದಿ. ಅದರ ಮಳೆ ಇಲ್ಲಿಂದ ಕಾಣುವುದಿಲ್ಲ.

ಹಾರಿಸ್ ದಕ್ಷಿಣಕ್ಕೆ ತಿರುಗಿ ನೋಡಿದ. ಎಲ್ಲವೂ ಒಂದೇ ದಿಕ್ಕಿನಿಂದ ಬರುವ ಹೊಳೆಯ ಕಟ್ಟಳೆಯನ್ನು ತಿರುಗಿಸಿ ತಂದು ಇಲ್ಲಿಗೆ ಹಾಕಿದ್ದ. ಈ ನದಿಗೆ ದಿಕ್ಕು ಒಂದಲ್ಲ.

"ನನ್ನ ತಂದೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದರ ಮುಖ ತೋರಿಸಿದ್ದರು. ಆಮೇಲೆ ಎಷ್ಟೋ ವರ್ಷ ಕಾಯಬೇಕಾಯಿತು. ಹತ್ತು, ಸೈಕಲನ್ನು ಹಿಂದೆ ಹಾಕು. ಮುಖ ಮುಂದೆ ಹೋಗುತ್ತಿದೆ, ಹಿಡಿಯೋಣ" ಎಂದ ಮುದುಕ.

ತಾನು ಗಾಡಿ ಹತ್ತುವಂತಿಲ್ಲ, ನದಿಯ ತುದಿಯ ತನಕ ತುಳಿದೇ ಹೋಗಬೇಕು ಎಂದು ಹಾರಿಸ್ ವಿವರಿಸಿದ. ಮುದುಕನಿಗೆ ಅದು ವಿಚಿತ್ರವೆನಿಸಿದಂತೆ ಕಾಣಲಿಲ್ಲ. "ಹಾಗಾದರೆ ಸರಿ. ಅದು ನಡೆಯುವುದು ನಿನ್ನ ವೇಗದಲ್ಲೇ. ಯಲ್ಲಾ!" ಎಂದು ಪಿಕಪ್ಪಿನ ಹಿಂದಿನಿಂದ ಒಂದು ಜೋಡಿ ಹಳೆಯ ಚರ್ಮದ ಚಪ್ಪಲಿ ತೆಗೆದು ಎಸೆದ.

ಆ ಮಧ್ಯಾಹ್ನವನ್ನು ಹಾರಿಸ್ ಆಮೇಲೆ ಯಾರಿಗೂ ಪೂರ್ತಿಯಾಗಿ ಹೇಳಲಾರದೆ ಹೋದ. ಎಡಕ್ಕೆ ಪಾತ್ರದಲ್ಲಿ ನದಿಯ ಮುಖ. ಬಲಕ್ಕೆ ದಡದ ಮೇಲೆ ಅವನು. ಹಿಂದೆ ಕಾರುಗಳ ಸಾಲು. ಡಾನ್ಯೂಬಿನ ದಂಡೆಯಲ್ಲಿ ಸೈಕಲ್ ತುಳಿಯುವವರು ಮೊದಲೇ ಇರುವ ನದಿಯ ಪಕ್ಕ ಹೋಗುತ್ತಾರೆ. ಇಲ್ಲಿ ಅವನ ಮುಂದಿನ ಚಕ್ರದ ಎದುರು ಮರುಭೂಮಿ, ಹಿಂದಿನ ಚಕ್ರದ ಪಕ್ಕ ನದಿ. ಅವನು ಪೆಡಲು ತುಳಿದಷ್ಟೂ ನದಿ ಉದ್ದವಾಗುತ್ತಿತ್ತು. ಒಣಮರಳಿಗೆ ನೀರು ತಾಗಿದಾಗ ಸಾವಿರ ಬಾಯಿಗಳು ಒಟ್ಟಿಗೆ ಉಸಿರೆಳೆದಂತೆ ಸದ್ದು ಬರುತ್ತಿತ್ತು, ಗುಳ್ಳೆಗಳು ಏಳುತ್ತಿದ್ದವು. ನೀರು ನೇರವಾಗಿ ಹೋಗುತ್ತಿರಲಿಲ್ಲ. ಕವಲು ಸಿಕ್ಕಿದಲ್ಲಿ ನಿಂತು, ಒಂದು ನಾಲಿಗೆ ಆ ಕಡೆ ಚಾಚಿ, ತಪ್ಪಾದರೆ ಹಿಂದೆ ಸರಿದು, ಮರೆತುಹೋದ ಮನೆಯ ದಾರಿ ನೆನಪಿಸಿಕೊಳ್ಳುವವರ ಹಾಗೆ ತನ್ನ ಹಳೆಯ ಪಾತ್ರವನ್ನು ಹುಡುಕಿಕೊಳ್ಳುತ್ತಿತ್ತು. ಎಲ್ಲಿಂದಲೋ ಬೆಳ್ಳಕ್ಕಿಗಳು ಬಂದಿದ್ದವು. ಅವಕ್ಕೆ ಯಾರು ಹೇಳಿ ಕಳಿಸಿದರು?

ಮಗ್ರಿಬ್ ಹೊತ್ತಿಗೆ ಅವನು ಮನೆಗೆ ಫೋನು ಮಾಡಿದ.

"ಎಂತ ಅದು ಶಬ್ದ?" ಎಂದಳು ಶಮೀರಾ.

"ನದಿ."

"ಹೋಟೆಲಲ್ಲಿ ಟೀವಿಯಾ?"

"ಅಲ್ಲ ಮಾರಾಯ್ತಿ, ನದಿ. ಬಂತು."

ಅವಳೂ ಗುರುಪುರ ಹೊಳೆಯ ಬದಿಯವಳು; ಮದುವೆಯಾಗಿ ಬಂದ ಮೇಲೆ ಹರಿಯುವ ನೀರಿನ ಸದ್ದು ಕೇಳಿದ್ದು ಊರಿಗೆ ಹೋದಾಗ ಮಾತ್ರ. "ಸ್ವಲ್ಪ ಹತ್ತಿರ ಹಿಡೀರಿ" ಎಂದಳು. ಅವನು ದಡದ ಅಂಚಿಗೆ ಹೊರಟ. "ಹತ್ತಿರ ಅಂದ್ರೆ ಫೋನನ್ನು. ನಿಮ್ಮನ್ನಲ್ಲ!"

ಅವನು ಕೈಚಾಚಿ ಹಿಡಿದ. ಅವಳು ಬಹಳ ಹೊತ್ತು ಕೇಳಿಸಿಕೊಂಡಳು.

ಅರ್‌ರಸ್ ಊರಿನ ಹೋಟೆಲೊಂದರಲ್ಲಿ ಊಟವೂ ಅಂಗಡಿಯಲ್ಲಿ ಹೊಸ ಸ್ಟವ್ವೂ ಸಿಕ್ಕಿತು. ಮಲಗುವುದು ಎತ್ತರದ ದಿಬ್ಬದಲ್ಲಿ. ರಾತ್ರಿ ಅವನು ಮಲಗಿದಾಗಲೂ ನೀರು ನಡೆಯುತ್ತಿತ್ತು; ಬೆಳಿಗ್ಗೆ ಅವನು ತುಳಿದು ಹೋಗಿ ಅದನ್ನು ಹಿಡಿಯುತ್ತಿದ್ದ. ಆದರೆ ಹಿಡಿಯಲು ದಿನದಿಂದ ದಿನಕ್ಕೆ ಕಡಿಮೆ ತುಳಿದರೆ ಸಾಕಾಗುತ್ತಿತ್ತು. ಮರಳು ಕುಡಿಯುತ್ತಿತ್ತು. ಮಗುವಿನಂತೆ ಓಡಿಬಂದದ್ದು ಈಗ ಗರ್ಭಿಣಿಯಂತೆ ನಡೆಯುತ್ತಿತ್ತು.

ಗುರುವಾರ ಬೆಳಿಗ್ಗೆ ಅದು ನಿಂತೇಬಿಟ್ಟಿತು. ಕಟ್ಟಡ ಕೆಲಸಕ್ಕೆ ಮರಳು ತೆಗೆದು ಮಾಡಿದ ದೊಡ್ಡ ಹೊಂಡವೊಂದು ಪಾತ್ರದ ನಡುವೆ ಬಾಯಿ ತೆರೆದಿತ್ತು. ನದಿ ಅದರೊಳಗೆ ಇಳಿಯುತ್ತಿತ್ತು, ತುಂಬುತ್ತಿರಲಿಲ್ಲ. ಮಕ್ಕಳು ಬೇಜಾರಾಗಿ ಅಳತೊಡಗಿದವು. ಚಾಪೆಗಳು ಮಡಚಿಕೊಂಡವು. ಮಧ್ಯಾಹ್ನದೊಳಗೆ ಮುದುಕನ ಪಿಕಪ್ಪು ಒಂದನ್ನು ಬಿಟ್ಟು ಉಳಿದ ಗಾಡಿಗಳೆಲ್ಲ ಹೋದವು.

ಹಾರಿಸ್ ಫೋನಿನಲ್ಲಿ ನಕ್ಷೆ ತೆರೆದ. ಮರಳುಗುಡ್ಡಗಳು, ಅಂದರೆ ಅವನ ಗೆರೆಯ ಕೊನೆ, ಇನ್ನೂ ಪೂರ್ವದಲ್ಲಿ. ಈಗಿಂದೀಗ ಹೊರಟು, ಉನೈಜಾ ದಾಟಿ, ರಾತ್ರಿಯೂ ತುಳಿದರೆ ನಾಳೆ ಯೋಗೀಶ್ ಬರುವ ಹೊತ್ತಿಗೆ ಮುಟ್ಟಬಹುದು. ಹಾಗೆ ಮಾಡಿದರೆ ವಾದಿ ಅಲ್ ರುಮ್ಮಾವನ್ನು ಉದ್ದಕ್ಕೆ ಮುಗಿಸಿದಂತೆ. ಇಲ್ಲೇ ಕೂತರೆ ಇಲ್ಲ. ಶನಿವಾರ ಬೆಳಿಗ್ಗೆ ಅವನು ರಾಬಿಗ್‌ನಲ್ಲಿರಬೇಕು. ಎರಡನೆಯ ಅವಕಾಶವಿಲ್ಲ.

ಅವನು ಸೈಕಲಿನ ಮೇಲೆ ಕೂತ. ಸ್ವಲ್ಪ ದೂರ ತುಳಿದ ಕೂಡ. ಎದುರಿಗೆ ಒಣಮರಳು, ಬಿಳಿ ಬಿಸಿಲು. ಕಳೆದ ವಾರವೆಲ್ಲ ಅವನಿಗೆ ಅದು ನದಿಯಾಗಿಯೇ ಕಂಡಿತ್ತು. ಈಗ ಕಾಣಲಿಲ್ಲ. ಈಗ ಅದು ನದಿ ಬರುವುದನ್ನು ಕಾಯುತ್ತಿರುವ ಜಾಗವಾಗಿತ್ತು, ಅಷ್ಟೇ. ಪೆಡಲು ನಿಂತಿತು. ತುದಿಯ ತನಕ ಎಂದು ಹೊರಟದ್ದು ನದಿಯ ತುದಿಗೋ, ಗೆರೆಯ ತುದಿಗೋ?

ಹಿಂತಿರುಗಿ ಬಂದು ಹೊಂಡದ ಅಂಚಿನಲ್ಲಿ ಕೂತ. ಮುದುಕ ಕೇಳದೆಯೇ ಕಾಫಿ ಬಗ್ಗಿಸಿದ. ಇಬ್ಬರೂ ನೀರು ಏರುವುದನ್ನು ನೋಡಿದರು. ಸಂಜೆಯಾಗುತ್ತಲೇ ಮುದುಕನ ಮಗ ಅವನನ್ನು ಬಲವಂತದಿಂದ ಮನೆಗೆ ಕರೆದೊಯ್ದ. ಹೊರಡುವಾಗ ಮುದುಕ, "ಕೊನೆಯ ತನಕ ಇರು. ನಾನು ಮುಖ ಕಂಡಿದ್ದೇನೆ, ಕೊನೆ ಕಂಡವನಲ್ಲ" ಎಂದ.

ಶುಕ್ರವಾರ ಜುಮಾ ನಮಾಝು ಕಳೆದು ಯೋಗೀಶ್ ಬಂದಾಗ ನದಿ ಹೊಂಡ ದಾಟಿ, ಖರ್ಜೂರದ ತೋಟವೊಂದರ ಬೇಲಿಯ ಪಕ್ಕ ನಡೆಯುತ್ತಿತ್ತು. ನಡೆಯುತ್ತಿತ್ತು ಎನ್ನುವುದೂ ಹೆಚ್ಚೇ. ಅಂಗೈ ಅಗಲದ ಒಂದು ನಾಲಿಗೆ, ಬೆರಳು ಬೆರಳು ಮುಂದೆ ಸರಿಯುತ್ತಿತ್ತು. ಅದರ ಮುಂದೆ ಹಾರಿಸ್ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಎಂತ ಮಾರಾಯ, ಕಕ್ಕಸಿಗೆ ಕೂತ ಹಾಗೆ ಕೂತಿದ್ದಿ? ಹೊರಡು, ಹೊತ್ತಾಯ್ತು."

"ಸ್ವಲ್ಪ ನಿಲ್ಲು. ಮುಗೀಲಿಕ್ಕೆ ಬಂತು."

"ಎಂತದ್ದು?"

"ನದಿ."

ಯೋಗೀಶ್ ನೀರಿನ ನಾಲಿಗೆಯನ್ನು ನೋಡಿದ, ಅದರ ಹಿಂದೆ ಕಣ್ಣು ಹಾಯಿಸಿದ. ನಾಲಿಗೆ ಅಗಲವಾಗುತ್ತ, ಹೊಳೆಯುತ್ತ, ತಿರುಗಿ ಪಶ್ಚಿಮದ ಬೆಳಕಿನೊಳಗೆ ಹೋಗಿತ್ತು. ಎರಡು ಹೊಳೆ ಕೂಡುವ ಊರಿನಲ್ಲಿ ಹುಟ್ಟಿ, ಪ್ರತಿ ಮಳೆಗಾಲ ನೀರಿಗೆ ಬೈಯುತ್ತ ಬೆಳೆದವನು ಬೂಟು ಕಳಚಿದ, ಕಾಲುಚೀಲ ಕಳಚಿದ. ಹಾರಿಸ್‌ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ನಮ್ಮಲ್ಲಿ ಬೊಳ್ಳ ಬಂದ್ರೆ ಸಾಮಾನು ಹೊತ್ಕೊಂಡು ಓಡ್ತೇವೆ. ಇಲ್ಲಿ ಕಾಫಿ ಹಿಡ್ಕೊಂಡು ಬಂದಿದ್ರು ಅಂತ ಶಮೀರಾ ಹೇಳಿದ್ದು ನಿಜ ಅಲ್ವಾ?" ಎಂದ, ಪಿಸುದನಿಯಲ್ಲಿ. ಯಾಕೆ ಪಿಸುದನಿ ಎಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

ನೀರು ಒಂದು ಬೆಣಚುಕಲ್ಲಿನ ಹತ್ತಿರ ಬಂತು. ಸುತ್ತಿಕೊಂಡು ಹೋಯಿತು. ಒಂದು ಒಣಎಲೆಯನ್ನು ತೇಲಿಸಿ, ತಿರುಗಿಸಿ, ಇಳಿಸಿತು. ಹಾರಿಸ್ ಅಂಗೈಯನ್ನು ಅದರ ಮುಂದೆ ಮರಳಿನ ಮೇಲಿಟ್ಟ. ದೂರದ ದಕ್ಷಿಣದ ಯಾವುದೋ ಗುಡ್ಡದ ಮೇಲೆ ಅವನು ಕಾಣದ ಮೋಡದಿಂದ ಬಿದ್ದ ಮಳೆ, ಅವನ ಹಾಸಿಗೆಯಿಂದ ಅವನನ್ನು ಎಬ್ಬಿಸಿದ್ದು, ಬಂದು ಬೆರಳ ತುದಿಗೆ ತಾಗಿತು. ಅಲ್ಲಿ ನಿಂತಿತು. ಬೆರಳುಗಳ ನಡುವಿನ ಮರಳು ಕಪ್ಪಾಯಿತು; ಅದರಾಚೆ ಒಂದು ಗೇಣು ಕಪ್ಪಾಯಿತು; ಆಮೇಲೆ ಆಗಲಿಲ್ಲ. ಅವರಿಬ್ಬರೂ ಕಾದರು. ನೊರೆಯ ಕೊನೆಯ ಗುಳ್ಳೆ ಒಡೆಯಿತು. ತೋಟದೊಳಗೆ ಯಾವುದೋ ಹಕ್ಕಿ ಕೂಗುತ್ತಿತ್ತು.

"ಆಯ್ತಾ?" ಎಂದ ಯೋಗೀಶ್.

"ಆಯ್ತು."

ಹೊರಡಲು ಅವಸರ ಮಾಡಿದವನೇ ಮತ್ತೂ ಸ್ವಲ್ಪ ಹೊತ್ತು ಏಳಲಿಲ್ಲ.

ಸೈಕಲನ್ನು ಕಾರಿನ ಹಿಂದೆ ಕಟ್ಟುವಾಗ ಯೋಗೀಶನ ನಾಲಿಗೆ ಮರಳಿ ಬಂತು. "ಮರಳುಗುಡ್ಡ ಮುಟ್ಟಲಿಲ್ಲ ನೀನು. ಮಾತು ಮಾತೇ. ಕೋಳಿಸುಕ್ಕ ನಿನ್ನ ಲೆಕ್ಕ."

"ಕೊಡಿಸ್ತೇನೆ. ಎರಡು ಪ್ಲೇಟು ತಿನ್ನು."

"ಮೂರು. ನನ್ನ ಹೊಸ ಸೀಟಿಗೆ ಕೆಸರು ಮಾಡಿದ್ದಿ."

ಹೆದ್ದಾರಿ ಪಶ್ಚಿಮಕ್ಕೆ ಹೋಗಿ, ಒಂದು ಕಡೆ ವಾದಿಯನ್ನು ಸೇತುವೆಯ ಮೇಲೆ ದಾಟುತ್ತದೆ. ಬರುವಾಗ ಆ ಸೇತುವೆಯನ್ನು ಯೋಗೀಶ್ ಗಮನಿಸಿಯೂ ಇರಲಿಲ್ಲ. ಈಗ ಅದರ ಕೆಳಗೆ ನೀರು ಇನ್ನೂ ಮಲಗಿತ್ತು, ಸಂಜೆಯ ಆಕಾಶವನ್ನೆಲ್ಲ ಒಳಗಿಟ್ಟುಕೊಂಡು. ಈ ದಡದಿಂದ ಆ ದಡಕ್ಕೆ ಕಾರಿನಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು.

"ನಿಧಾನ ಹೋಗು ಯೋಗೀಶ" ಎಂದ ಹಾರಿಸ್, ಕಿಟಕಿಯ ಗಾಜು ಇಳಿಸುತ್ತ. "ಅಗಲಕ್ಕೆ ಇನ್ನೂ ನೋಡ್ಲಿಲ್ಲ."

ಯೋಗೀಶ್, ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಿದ್ದರೂ, ದೋಣಿಯ ವೇಗದಲ್ಲಿ ಸೇತುವೆ ದಾಟಿಸಿದ.